ಹಸಿರು ಪೆನ್ಸಿಲ್

ಬುಧವಾರ ರಾತ್ರಿ ಎಂಟಕ್ಕೆ
ಹಿಂಬಾಗಿಲಿನಿಂದ ಬರುತ್ತಿದ್ದರು ನ್ಯಾಯಾಧೀಶರು.
ಮುಂಬಾಗಿಲಿಂದ ಬಂದರೆ ಊರು ನೋಡುತ್ತದೆ,
ನೋಡಿದರೆ ಲೆಕ್ಕ ಹಾಕುತ್ತದೆ
ಯಾರ ಜೇಬಿನಲ್ಲಿ ಯಾರು ಎಂದು.

ನೆಬ್ರಾಸ್ಕಾದ ಆ ಊರಿಗಿದ್ದದ್ದು ಒಂದು ಕೋರ್ಟು,
ಒಂದು ವಾರಪತ್ರಿಕೆ, ಒಂದು ಕಾಳಿನ ಗೋಪುರ.
ಎಂಟು ಮೈಲಿ ದೂರಕ್ಕೆ ಕಾಣುತ್ತಿದ್ದುದು
ಮೂರನೆಯದು ಮಾತ್ರ.

ನನಗಾಗ ಹತ್ತೊಂಬತ್ತು. ಲೈನೋಟೈಪ್ ಮುಂದೆ ಕೂತು
ಕುದಿವ ಸೀಸದಲ್ಲಿ ಊರನ್ನು
ಸಾಲುಸಾಲಾಗಿ ಎರಕ ಹೊಯ್ಯುವವಳು.
ಯಾರ ಹಸು ಈದದ್ದು, ಯಾರ ಮಗಳ ನಿಶ್ಚಯ,
ಎಲ್ಲ ನನಗೇ ಮೊದಲು ಗೊತ್ತು,
ಅದೂ ಕನ್ನಡಿಯ ಅಕ್ಷರದಲ್ಲಿ.

ಮಾಲೀಕರು ಓರಿನ್ ವೆಸ್ಟರ್‌ಗಾರ್ಡ್.
ಬರೆಯುವುದರಲ್ಲಿ ಚಾಕು, ಕಾಗುಣಿತದಲ್ಲಿ ಕತ್ತೆ
(ಅವರೇ ಹೇಳಿಕೊಂಡದ್ದು).
ನ್ಯಾಯಾಧೀಶ ಲಾಯ್ಡ್ ಕುಬಿಚೆಕ್‌ರಿಗೋ
ಅಲ್ಪವಿರಾಮ ತಪ್ಪಿದರೆ ನಿದ್ದೆ ಬಾರದು.
ಸಂಬಳವಿಲ್ಲ, ಹೆಸರಿಲ್ಲ; ಒಂದು ಕಪ್ ಕರಿ ಕಾಫಿ,
ಕಿವಿಗೆ ಸಿಕ್ಕಿಸಿದ ಹಸಿರು ಪೆನ್ಸಿಲ್,
ಒದ್ದೆ ಪ್ರೂಫಿನ ಮೇಲೆ ಬಾಗಿದ ಬೋಳು ತಲೆ.
ಹತ್ತು ವರ್ಷ ಅವರಿಬ್ಬರು ಆಡಿದ ಮಾತು
ಒಂದು ಕಾಲಂ ತುಂಬದು.

ಆ ಜನವರಿಯಲ್ಲಿ
ಬೀಟ್ ಹೊಲದ ಕೂಲಿಯವರ ಹುಡುಗ ಎಲಿಸಿಯೊ
ಹಳೆಯದೊಂದು ಟೈರ್ ಕದ್ದ. ಎರಡು ವರ್ಷ.
ಅದಕ್ಕೂ ಮೊದಲು ಬ್ಯಾಂಕ್ ಮ್ಯಾನೇಜರರ ಮಗ
ಯಾರದೋ ಕಾರನ್ನೇ ಒಯ್ದು ಹೊಳೆಗಿಳಿಸಿದ್ದ.
ಅವನಿಗೆ ಬುದ್ಧಿಮಾತು.

ಓರಿನ್ ಬರೆದರು. ಸುತ್ತಿ ಬಳಸಲಿಲ್ಲ:
“ನ್ಯಾಯಾಧೀಶ ಕುಬಿಚೆಕ್‌ರ ತಕ್ಕಡಿಯಲ್ಲಿ
ಎಂಟು ಡಾಲರಿನ ಟೈರು
ಒಂದು ಕಾರಿಗಿಂತ ಭಾರ.”
ಕೀಲಿ ಒತ್ತುವಾಗ ನನ್ನ ಬೆರಳು ಎರಡು ಸಲ ಜಾರಿತು.

ಆ ಬುಧವಾರವೂ ಹಿಂಬಾಗಿಲು ಕಿರುಗುಟ್ಟಿತು.
ಓರಿನ್ ಆ ಹಾಳೆಯನ್ನು ಬಚ್ಚಿಡಲಿಲ್ಲ,
ಎಲ್ಲದರ ಮೇಲೆ ಇಟ್ಟರು.
ಕಾಫಿ ತಣ್ಣಗಾಯಿತು.
ಪೆನ್ಸಿಲ್ ಮೂರು ಕಡೆ ತಾಗಿತು.
ಒಂದು ಅಲ್ಪವಿರಾಮ.
ಕುಬಿಚೆಕ್ ಒಳಗೆ ಓರಿನ್ ಎಂದಿನಂತೆ
ತುರುಕಿದ್ದ ಒಂದು ಎಚ್.
ಆಮೇಲೆ “ಎಂಟು” ಹೊಡೆದುಹಾಕಿ
ಅಂಚಿನಲ್ಲಿ ಬರೆದ “ಆರು.”

“ಟೈರಿನ ಬೆಲೆ ಆರೇ ಡಾಲರ್, ಓರಿನ್.
ದಾಖಲೆಯಲ್ಲಿದೆ.”
ಹ್ಯಾಟ್ ತಲೆಗಿಟ್ಟು, ಬಂದ ಬಾಗಿಲಲ್ಲೇ ಹೋದರು.
ಗುರುವಾರ ಊರು ಓದಿತು: ಆರು.

ಏಳು ಬುಧವಾರ ಕುರ್ಚಿ ಖಾಲಿ.
ಪತ್ರಿಕೆಯಲ್ಲಿ ತಪ್ಪುಗಳು ಇಲಿಮರಿಗಳಂತೆ ಹೆಚ್ಚಿದವು.
ಮದುಮಗಳ ಜಾಗದಲ್ಲಿ ಅವಳ ಅತ್ತೆ,
ಸತ್ತವರೊಬ್ಬರು ಭಾನುವಾರ ಚರ್ಚಿನಲ್ಲಿ ಹಾಡುವರೆಂಬ ಸುದ್ದಿ.
ಓರಿನ್ ಯಾರನ್ನೂ ಬೈಯಲಿಲ್ಲ.
ಎಂಟಕ್ಕೆ ಸರಿಯಾಗಿ ಎರಡು ಕಪ್ ಸುರಿದು
ಎರಡನ್ನೂ ತಾವೇ ಕುಡಿದರು.

ಮಾರ್ಚಿನಲ್ಲಿ, ಪ್ಲಾಟ್ ಹೊಳೆಯ ಮರಳಿಗೆ
ಕ್ರೌಂಚಗಳು ಇಳಿದ ವಾರ,
ನ್ಯಾಯಾಧೀಶರು ಬಂದು ಕೂತರು.
“ಹೋದ ಸಂಚಿಕೆಯಲ್ಲಿ ಇಪ್ಪತ್ಮೂರು ತಪ್ಪು.”
“ಇಪ್ಪತ್ನಾಲ್ಕು,” ಎಂದರು ಓರಿನ್.
ಅಷ್ಟೇ ಸಂಧಾನ.

ಇಲ್ಲಿಗೆ ನಿಲ್ಲಿಸಿದರೆ ಕೇಳಿದವರ ಕಣ್ಣು ಒದ್ದೆಯಾಗುತ್ತದೆ.
ಅದಕ್ಕೇ ಇದನ್ನೂ ಹೇಳಬೇಕು:
ಎಲಿಸಿಯೊ ಎರಡು ವರ್ಷ ಪೂರ್ತಿ ಕಳೆದ.
ಅಂಕಿ ತಿದ್ದಿದ ಕೈ ತೀರ್ಪು ತಿದ್ದಲಿಲ್ಲ.
ಅವನ ತಾಯಿ ಪತ್ರಿಕೆ ಕೊಳ್ಳಲು ಬಂದಿದ್ದಳು; ಓದು ಬಾರದು.
ಮಗನ ಹೆಸರೆಲ್ಲಿ ಎಂದಳು, ತೋರಿಸಿದೆ.
ಹೆಬ್ಬೆರಳಿಂದ ಅದನ್ನು ಸವರಿದಳು.
ಮಸಿ ಇನ್ನೂ ಹಸಿಯಾಗಿತ್ತು.

ಓರಿನ್ ತೀರಿಕೊಂಡ ವಾರ
ಮರಣವಾರ್ತೆಯನ್ನು ಲಾಯ್ಡ್ ಬರೆದು ತಂದರು,
ಕೆಳಗೆ ತಮ್ಮ ಹೆಸರು ಹಾಕಿ.
ಅದರಲ್ಲಿ ಒಂದು ತಪ್ಪೂ ಇರಲಿಲ್ಲ.
ಓರಿನ್ನರೂ ಇರಲಿಲ್ಲ.
ರಾತ್ರಿ ಒಬ್ಬಳೇ ಕೂತು ಜೋಡಿಸುತ್ತ
ಕೊನೆಯ ಸಾಲಿಗೆ ಬಂದಾಗ
ಬೇಕೆಂದೇ ಒತ್ತಿದೆ ಎಚ್.

ಮರುದಿನ, ಹಾಡಹಗಲು,
ಮುಂಬಾಗಿಲಿಂದ ಬಂದರು ನ್ಯಾಯಾಧೀಶರು.
ಪತ್ರಿಕೆಯನ್ನು ನನ್ನ ಮುಂದೆ ಹರಡಿ
ಆ ಅಕ್ಷರದ ಮೇಲೆ ಬೆರಳಿಟ್ಟು
ಬಹಳ ಹೊತ್ತು ನಿಂತರು.
ಪೆನ್ಸಿಲ್ ಕಿವಿಯಿಂದ ಇಳಿಯಲಿಲ್ಲ.